8087, 80287, 80387: ಮೂರನ್ನೂ ಒಂದೇ ಪ್ರೋಗ್ರಾಂನಿಂದ ಪರೀಕ್ಷಿಸಿದ ಅನುಭವ

ಇಂಟೆಲ್‌ನ ಮೂರು ತಲೆಮಾರಿನ ಗಣಿತ ಕೋಪ್ರೊಸೆಸರ್‌ಗಳು, ಅಂದರೆ ಮುಖ್ಯ ಪ್ರೊಸೆಸರ್‌ನ ಜೊತೆಗಿದ್ದು ದಶಮಾಂಶ ಲೆಕ್ಕಗಳನ್ನು ಮಾಡಿಕೊಡುವ ಚಿಪ್‌ಗಳು, ನನ್ನ ಬಳಿ ಇವೆ: ಐಬಿಎಂನ ಹಳೆಯ ಪಿಸಿಯಾದ ಎಕ್ಸ್‌ಟಿ ಯಂತ್ರದಲ್ಲಿ 8087, ಅದರ ನಂತರದ ಎಟಿಯಲ್ಲಿ 80287, 386 ಪ್ರೊಸೆಸರ್‌ನ ಯಂತ್ರದಲ್ಲಿ 80387. ಮೂರರಲ್ಲೂ ಸ್ಟ್ಯಾಕ್ ರೂಪದಲ್ಲಿ, ಅಂದರೆ ಒಂದರ ಮೇಲೊಂದರಂತೆ, ಜೋಡಿಸಿದ 80 ಬಿಟ್‌ಗಳ ಎಂಟು ರಿಜಿಸ್ಟರ್‌ಗಳಿವೆ (ಸಂಖ್ಯೆಗಳನ್ನು ಇಟ್ಟುಕೊಳ್ಳುವ ಜಾಗಗಳು). 8087ಕ್ಕೆಂದು ಬರೆದ ಪ್ರೋಗ್ರಾಂಗಳು ಬಹುಮಟ್ಟಿಗೆ ಉಳಿದೆರಡರಲ್ಲೂ ನಡೆಯುವುದರಿಂದ, ಇವುಗಳ ನಡುವಿನ ವ್ಯತ್ಯಾಸ ವೇಗದ್ದು ಮಾತ್ರ ಎಂಬ ಭಾವನೆ ಸಹಜವಾಗಿಯೇ ಬೆಳೆದಿದೆ. ಒಂದೇ ಅಸೆಂಬ್ಲಿ ಪ್ರೋಗ್ರಾಂ ಬರೆದು ಮೂರರಲ್ಲೂ ಓಡಿಸಿದ ಮೇಲೆ ಆ ಭಾವನೆ ಸಾಲದು ಎಂಬುದು ನನಗೆ ಖಚಿತವಾಯಿತು.

1980ರ 8087 ಮುಖ್ಯ ಪ್ರೊಸೆಸರ್‌ನ ಬಸ್ಸಿಗೇ (ಸೂಚನೆ, ಸಂಖ್ಯೆಗಳು ಓಡಾಡುವ ತಂತಿಗಳ ಸಾಲಿಗೆ) ನೇರವಾಗಿ ಸೇರಿಕೊಂಡು, ಹಾದುಹೋಗುವ ಸೂಚನೆಗಳನ್ನೆಲ್ಲ ಗಮನಿಸುತ್ತಾ, ತನಗೆ ಸೇರಿದ್ದು ಬಂದೊಡನೆ ತಾನೇ ಎತ್ತಿಕೊಳ್ಳುತ್ತದೆ. ಎಕ್ಸ್‌ಟಿಯಲ್ಲಿ ಅದನ್ನು ಕೂರಿಸುವಾಗ ಚಿಪ್‌ನ ಕಚ್ಚು ಸಾಕೆಟ್‌ನ ಕಚ್ಚಿಗೆ ಹೊಂದಬೇಕು. ಜೊತೆಗೆ ಮದರ್‌ಬೋರ್ಡಿನ ಸ್ವಿಚ್ ಸಾಲಿನಲ್ಲಿ ಎರಡನೆಯದನ್ನು ಆಫ್ ಮಾಡಬೇಕು.

80287ರ ಒಳಗಿನ ಲೆಕ್ಕದ ಭಾಗ ಹೆಚ್ಚುಕಡಿಮೆ 8087ರದ್ದೇ. ಬದಲಾದದ್ದು ಜೋಡಣೆ: ಇದು ಬಸ್ಸನ್ನು ಗಮನಿಸುತ್ತಾ ಕೂರುವುದಿಲ್ಲ, ಸೂಚನೆಯೂ ಸಂಖ್ಯೆಯೂ ಎಟಿಯ ಮುಖ್ಯ ಪ್ರೊಸೆಸರ್ ಆದ 80286ರ ಮೂಲಕ ಐ/ಒ ಪೋರ್ಟ್‌ಗಳಲ್ಲಿ (ಹೊರಗಿನ ಸಾಧನಗಳೊಡನೆ ಮಾತಾಡುವ ದ್ವಾರಗಳಲ್ಲಿ) ದಾಟಿ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, 6 ಮೆಗಾಹರ್ಟ್ಸ್‌ನ ಮೂಲ ಎಟಿಯಲ್ಲಿ ಕೋಪ್ರೊಸೆಸರ್ ನಡೆಯುವುದು 4 ಮೆಗಾಹರ್ಟ್ಸ್‌ನಲ್ಲಿ. ವರ್ಗಮೂಲಕ್ಕೆ ಎರಡೂ ಸುಮಾರು 180 ಕ್ಲಾಕ್ (ಚಿಪ್‌ನ ಗಡಿಯಾರದ ಮಿಡಿತಗಳು) ತೆಗೆದುಕೊಳ್ಳುತ್ತವೆ; ಆದ್ದರಿಂದ 4.77 ಮೆಗಾಹರ್ಟ್ಸ್‌ನ ಎಕ್ಸ್‌ಟಿಯಲ್ಲಿ ಸುಮಾರು 38 ಮೈಕ್ರೊಸೆಕೆಂಡಿನ ಆ ಕೆಲಸಕ್ಕೆ ಹೊಸ ಯಂತ್ರದಲ್ಲಿ 45 ಬೇಕಾಗುತ್ತದೆ. ಎಟಿಗೆ ಬಡ್ತಿ ಪಡೆದವರಿಗೆ ಇದು ನಿರಾಸೆಯ ಸಂಗತಿಯೇ ಆಗಿದ್ದಿರಬೇಕು.

ನಿಜವಾದ ಜಿಗಿತ 1987ರ 80387ರದ್ದು. 8087ರಲ್ಲಿ 70ರಿಂದ 100 ಕ್ಲಾಕ್ ಹಿಡಿಯುತ್ತಿದ್ದ ಕೂಡಿಕೆ ಇಲ್ಲಿ 23ರಿಂದ 34ರಲ್ಲಿ ಮುಗಿಯುತ್ತದೆ. ನನಗೆ ಇನ್ನೂ ಹೆಚ್ಚು ಸಂತೋಷ ಕೊಟ್ಟದ್ದು ತ್ರಿಕೋನಮಿತಿ. ಹಳೆಯ ಎರಡು ಚಿಪ್‌ಗಳಲ್ಲಿ ಸೈನ್ ಸೂಚನೆಯೇ ಇಲ್ಲ. ಕೋನವನ್ನು ಮೊದಲು 45 ಡಿಗ್ರಿಯೊಳಗೆ ಇಳಿಸಿ, ಟ್ಯಾನ್ ಸೂಚನೆ ಕೊಡುವ ಎರಡು ಸಂಖ್ಯೆಗಳಿಂದ ಸೈನ್ ಅನ್ನು ನಾವೇ ಕಟ್ಟಿಕೊಳ್ಳಬೇಕು. 80387ರಲ್ಲಿ ಸೈನ್, ಕೊಸೈನ್ ಎರಡೂ ಒಂದೇ ಸೂಚನೆಗೆ ದೊರೆಯುತ್ತವೆ.

ಪ್ರೋಗ್ರಾಂ ತಾನು ಯಾವ ಚಿಪ್‌ನ ಮೇಲೆ ಓಡುತ್ತಿದೆ ಎಂದು ತಿಳಿಯುವುದು ಹೇಗೆ? 80287 ಮತ್ತು 80387ರ ನಡುವೆ ಗುರುತಿಸಲು ಇಂಟೆಲ್ ಸೂಚಿಸಿದ ವಿಧಾನವನ್ನೇ ನಾನು ಬಳಸಿದೆ. ಅದು ಬಹಳ ಸೊಗಸಾದದ್ದು. ಒಂದನ್ನು ಸೊನ್ನೆಯಿಂದ ಭಾಗಿಸಿ ಅನಂತವನ್ನು ಪಡೆದು, ಅದರದೇ ಒಂದು ನಕಲಿನ ಚಿಹ್ನೆಯನ್ನು ಬದಲಿಸಿ, ಎರಡನ್ನೂ ಹೋಲಿಸಬೇಕು. ಆರಂಭದ ಸ್ಥಿತಿಯಲ್ಲಿ 80287ಕ್ಕೆ ಧನ ಅನಂತವೂ ಋಣ ಅನಂತವೂ ಒಂದೇ, ಆದ್ದರಿಂದ ಅವು ಸಮ ಎನ್ನುತ್ತದೆ. ದಶಮಾಂಶ ಲೆಕ್ಕಗಳ ನಿಯಮಗಳನ್ನು ಹೇಳುವ 1985ರ ಐಇಇಇ 754 ಮಾನದಂಡವನ್ನು ಪಾಲಿಸುವ 80387 ಅವನ್ನು ಸಂಖ್ಯಾರೇಖೆಯ ಎರಡು ತುದಿಗಳೆಂದು ಪರಿಗಣಿಸಿ, ಸಮವಲ್ಲ ಎನ್ನುತ್ತದೆ. ಈ ಉತ್ತರದ ಮೇಲೆಯೇ ನನ್ನ ಪ್ರೋಗ್ರಾಂ ಸೈನ್ ಸೂಚನೆಯನ್ನು ಬಳಸಬೇಕೋ ಹಳೆಯ ದಾರಿ ಹಿಡಿಯಬೇಕೋ ಎಂದು ನಿರ್ಧರಿಸುತ್ತದೆ. 80287ರ ಸಾಕೆಟ್ಟಿನಲ್ಲಿ ಕೂರುವ 80287 ಎಕ್ಸ್‌ಎಲ್‌ನ ಒಳಗಿರುವುದು 80387ರ ತಿರುಳು. ಅದೂ ಸಮವಲ್ಲ ಎಂದೇ ಉತ್ತರಿಸುತ್ತದೆ, ಸೈನ್ ಸೂಚನೆಯೂ ಅದಕ್ಕೆ ಗೊತ್ತಿರುವುದರಿಂದ ಪ್ರೋಗ್ರಾಂ ಹಿಡಿಯುವ ದಾರಿ ಅಲ್ಲಿಯೂ ಸರಿಯಾಗಿಯೇ ಇರುತ್ತದೆ.