ಅಲಾಸ್ಕಾ ಕ್ರೂಸ್: ಬೇಗ ಬುಕ್ ಮಾಡಿ, ಆಮೇಲೆ ಕಾದೆವು

ಕ್ರೂಸ್ ವಿಷಯ ಬಂದಾಗೆಲ್ಲ ಗೆಳೆಯರು ಕೇಳುವುದು ಒಂದೇ. "ಈಗಲೇ ಬುಕ್ ಮಾಡೋದಾ, ಇಲ್ಲಾ ಕೊನೇವರೆಗೂ ಕಾಯೋದಾ?" ನಾನು ಎರಡನ್ನೂ ಮಾಡುತ್ತೇನೆ. ವಾಪಸ್ ಸಿಗುವಂಥ ಡೆಪಾಸಿಟ್ ಕಟ್ಟಿ ಬೇಗನೆ ರೂಮ್ ಹಿಡಿದಿಡುತ್ತೇನೆ. ಆಮೇಲೆ ಪೂರ್ತಿ ದುಡ್ಡು ಕಟ್ಟುವ ದಿನ ಬರುವವರೆಗೂ ದರ ನೋಡುತ್ತಾ ಇರುತ್ತೇನೆ. ಇಳಿದರೆ ಫೋನ್ ಮಾಡಿ ಇಳಿಸಿಕೊಳ್ಳುವುದು. ಏರಿದರೆ ಸುಮ್ನೆ ಇರುವುದು. ಅಷ್ಟೇ.

ನಾವಿರುವುದು ಸಿಯಾಟಲ್ ಪಕ್ಕದಲ್ಲಿ. ಅಲಾಸ್ಕಾಕ್ಕೆ ಹೋಗುವ ಹಡಗುಗಳಲ್ಲಿ ಹೆಚ್ಚಿನವು ಹೊರಡುವುದು ಇಲ್ಲಿಂದ ಅಥವಾ ಕೆನಡಾದ ವ್ಯಾಂಕೂವರ್‌ನಿಂದ. ಅಪ್ಪ ಅಮ್ಮ ಮೈಸೂರಿನಿಂದ ಬೇಸಿಗೆಗೆ ಬರುವವರಿದ್ದರು. ಅವರನ್ನು ಹೆಚ್ಚು ನಡೆಸದೆ, ದಿನಕ್ಕೊಂದು ಹೋಟೆಲ್ ಬದಲಿಸದೆ, ಹಿಮನದಿ ತೋರಿಸಬೇಕೆಂದರೆ ಕ್ರೂಸ್‌ಗಿಂತ ಒಳ್ಳೆ ದಾರಿ ನನಗೆ ಕಾಣಲಿಲ್ಲ. ಒಟ್ಟು ಐದು ಜನ. ಅವರಿಬ್ಬರು, ನಾನು, ಹೆಂಡತಿ, ಪುಟ್ಟ ಮಗಳು.

ದರ ಯಾಕೆ ಹೀಗೆ ಏರಿಳಿಯುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ದಸರಾ ರಜೆಗೆ ಬೆಂಗಳೂರಿನಿಂದ ಊರಿಗೆ ಹೋಗುವ ಖಾಸಗಿ ಬಸ್ಸಿನ ಟಿಕೆಟ್ ನೋಡಿದವರಿಗೆ ಅರ್ಧ ಗೊತ್ತೇ ಇರುತ್ತದೆ. ಸೀಟು ಖಾಲಿ ಹೋದರೆ ಆ ದುಡ್ಡು ಮತ್ತೆ ಬರುವುದಿಲ್ಲ, ಜನ ಮುಗಿಬಿದ್ದರೆ ಕೇಳಿದಷ್ಟು ಸಿಗುತ್ತದೆ. ಹಡಗಿನಲ್ಲಿ ಇನ್ನೊಂದು ವಿಷಯ ಇದೆ. ದೊಡ್ಡ ಕ್ರೂಸ್ ಕಂಪನಿಗಳ ಆದಾಯದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಬರುವುದು ಜನ ಹಡಗು ಹತ್ತಿದ ಮೇಲೆ ಮಾಡುವ ಖರ್ಚಿನಿಂದ. ಬಾರು, ಕ್ಯಾಸಿನೊ, ವೈಫೈ, ಫೋಟೋ, ಊರು ಸುತ್ತಿಸುವ ಟೂರ್. ಹಾಗಾಗಿ ರೂಮ್ ಖಾಲಿ ಬಿಡುವುದಕ್ಕಿಂತ ಕಡಿಮೆ ದರಕ್ಕಾದರೂ ತುಂಬಿಸುವುದು ಅವರಿಗೆ ಲಾಭ. ತುಂಬುತ್ತದೆ ಅಂತ ಮೊದಲೇ ಗೊತ್ತಾದರೆ ಮಾತ್ರ ಒಂದು ಡಾಲರ್ ಕೂಡ ಬಿಡುವುದಿಲ್ಲ.

ಅಲಾಸ್ಕಾದಲ್ಲಿ ಇದು ತಿಂಗಳ ಲೆಕ್ಕದಲ್ಲೇ ಕಾಣುತ್ತದೆ. ಸೀಸನ್ ಇರುವುದೇ ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ. ಅಮೆರಿಕದ ಹೆಚ್ಚಿನ ಶಾಲೆಗಳಿಗೆ ಹೆಚ್ಚುಕಡಿಮೆ ಜೂನ್‌ನಿಂದ ಆಗಸ್ಟ್‌ವರೆಗೆ ರಜೆ, ಆಗ ದರ ಆಕಾಶಕ್ಕೆ. ಅದೇ ಹಡಗು, ಅದೇ ರೂಮ್, ಅದೇ ಊರುಗಳು, ಮೇ ತಿಂಗಳಲ್ಲಿ ಎಷ್ಟೋ ಕಡಿಮೆ. ಸೆಪ್ಟೆಂಬರ್ ಕೂಡ ಅಗ್ಗವೇ, ಆದರೆ ಮಳೆ ಜಾಸ್ತಿ. ಮೇನಲ್ಲಿ ಚಳಿ ಇರುತ್ತದೆ, ಬೆಟ್ಟಗಳ ಮೇಲೆ ಹಿಮ ಇನ್ನೂ ಉಳಿದಿರುತ್ತದೆ, ಮಳೆ ಮಾತ್ರ ಕಡಿಮೆ. ಮಗಳು ಇನ್ನೂ ಕಿಂಡರ್‌ಗಾರ್ಟನ್. ಒಂದು ವಾರ ತಪ್ಪಿಸಿಕೊಂಡರೆ ಏನೂ ಮುಳುಗುವುದಿಲ್ಲ ಅಂತ ಮೇ ಮೂರನೇ ವಾರ ಗೊತ್ತುಮಾಡಿದೆವು. ಆಮೇಲೆ ನಾನು ಮಾಡಿದ ಬೇರೆ ಯಾವ ಕಸರತ್ತಿನಿಂದಲೂ ಇಷ್ಟು ದುಡ್ಡು ಉಳಿಯಲಿಲ್ಲ. ಮಕ್ಕಳು ಹೈಸ್ಕೂಲಿನಲ್ಲಿದ್ದವರಿಗೆ ಇದು ಆಗದ ಮಾತು, ಒಪ್ಪುತ್ತೇನೆ.

ಹಿಂದಿನ ವರ್ಷ ಸೆಪ್ಟೆಂಬರ್‌ನಲ್ಲೇ ಬುಕ್ ಮಾಡಿದೆ. ಅಷ್ಟು ಬೇಗ ಯಾಕೆ ಅಂದರೆ ನಮಗೆ ಬೇಕಿದ್ದ ರೂಮ್ ಜೋಡಿ ಹಾಗಿತ್ತು. ಅಪ್ಪ ಅಮ್ಮನಿಗೆ ಬಾಲ್ಕನಿ ರೂಮ್, ಅದರ ಎದುರಿಗೇ ಕಿಟಕಿ ಇಲ್ಲದ ಇನ್‌ಸೈಡ್ ರೂಮ್ ನಮಗೆ. ಹಗಲೆಲ್ಲ ಎಲ್ಲರೂ ಅವರ ಬಾಲ್ಕನಿಯಲ್ಲಿ, ರಾತ್ರಿ ಮಲಗುವುದಕ್ಕೆ ಮಾತ್ರ ನಮ್ಮ ರೂಮ್. ಎರಡು ಬಾಲ್ಕನಿ ತೆಗೆದುಕೊಳ್ಳುವ ಖರ್ಚು ಇಲ್ಲ. ಆದರೆ ಎರಡೂ ಎದುರುಬದುರು ಇರಬೇಕು, ಲಿಫ್ಟ್‌ಗೆ ಹತ್ತಿರ ಇರಬೇಕು, ಹಡಗಿನ ಮಧ್ಯಭಾಗದಲ್ಲಿ ಕೆಳಗಿನ ಡೆಕ್‌ನಲ್ಲಿ ಇರಬೇಕು. ಮಧ್ಯದಲ್ಲಿ, ಕೆಳಗೆ ಇದ್ದಷ್ಟೂ ಹಡಗಿನ ಓಲಾಟ ಕಡಿಮೆ. ಅಮ್ಮನಿಗೆ ಮಡಿಕೇರಿ ತಿರುವುಗಳೇ ಆಗುವುದಿಲ್ಲ.

ಮೂರು ಅಥವಾ ನಾಲ್ಕು ಜನ ಹಿಡಿಸುವ ರೂಮ್‌ಗಳು ಬೇಗ ಮಾರಾಟವಾಗಿಬಿಡುತ್ತವೆ. ಅಂಥ ರೂಮ್‌ಗಳೇ ಕಡಿಮೆ. ಜೊತೆಗೆ ಹಡಗಿನ ಪ್ರತಿ ಭಾಗಕ್ಕೂ ಲೈಫ್‌ಬೋಟ್ ಲೆಕ್ಕದಲ್ಲಿ ಇಷ್ಟೇ ಜನ ಅಂತ ಮಿತಿ ಇರುತ್ತದೆ. ಆ ಲೆಕ್ಕ ತುಂಬಿತೆಂದರೆ ರೂಮಿನಲ್ಲಿ ಮೂರನೇ ಹಾಸಿಗೆ ಇದ್ದರೂ ಮೂರನೆಯವರಿಗೆ ಟಿಕೆಟ್ ಕೊಡುವುದಿಲ್ಲ. ಮಕ್ಕಳಿರುವವರು ಕೊನೆ ಗಳಿಗೆಯ ಆಫರ್‌ಗೆ ಕಾಯಬಾರದು ಅನ್ನುವುದಕ್ಕೆ ನನ್ನ ದೊಡ್ಡ ಕಾರಣ ಇದು.

ಗ್ಯಾರಂಟಿ ರೂಮ್ ಅಂತ ಒಂದಿದೆ. ಯಾವ ದರ್ಜೆ ಅಂತ ಮಾತ್ರ ನೀವು ಆರಿಸುವುದು, ಯಾವ ರೂಮ್ ಅಂತ ಕಂಪನಿ ಆಮೇಲೆ ಹೇಳುತ್ತದೆ. ಸ್ವಲ್ಪ ಅಗ್ಗ. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ನಾನೂ ಅದನ್ನೇ ತೆಗೆದುಕೊಳ್ಳುತ್ತಿದ್ದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಬೇಡ. ಒಂದು ರೂಮ್ ಹಡಗಿನ ಮೂತಿಯಲ್ಲಿ, ಇನ್ನೊಂದು ಬಾಲದಲ್ಲಿ ಕೊಟ್ಟರೂ ಕೇಳುವ ಹಾಗಿಲ್ಲ.

ಈಗ ಬಿಲ್ ನೋಡೋಣ. ಕೊನೆಗೆ ನಾವು ಕಟ್ಟಿದ್ದು ಇಷ್ಟು. ಬಾಲ್ಕನಿ ರೂಮಿಗೆ ಒಬ್ಬರಿಗೆ 950 ಡಾಲರ್, ಇಬ್ಬರಿಗೆ 1,900. ತೆರಿಗೆ ಮತ್ತು ಬಂದರು ಶುಲ್ಕ ತಲೆಗೆ 260ರಂತೆ 520. ಹಡಗಿನ ಸಿಬ್ಬಂದಿಗೆ ಕೊಡುವ ಟಿಪ್ಸ್ ತಲೆಗೆ ದಿನಕ್ಕೆ 18ರಂತೆ ಏಳು ರಾತ್ರಿಗೆ 252. ಒಟ್ಟು 2,672. ಇನ್‌ಸೈಡ್ ರೂಮಿಗೆ ಮೊದಲ ಇಬ್ಬರಿಗೆ ತಲಾ 600, ಮೂರನೆಯವಳಾದ ಮಗಳಿಗೆ 350, ಸೇರಿ 1,550. ತೆರಿಗೆ 780, ಟಿಪ್ಸ್ 378. ಒಟ್ಟು 2,708. ಕಿಟಕಿಯೇ ಇಲ್ಲದ ರೂಮಿಗೆ ಬಾಲ್ಕನಿಗಿಂತ ಜಾಸ್ತಿ ಆಯಿತು ನೋಡಿ! ಮೂರನೆಯವರಿಗೆ ಟಿಕೆಟ್ ಅಗ್ಗ, ಆದರೆ ತೆರಿಗೆಗೂ ಟಿಪ್ಸ್‌ಗೂ ಐದು ವರ್ಷದ ಮಗುವೂ ಒಂದು ಪೂರ್ತಿ ತಲೆ. "ಮಕ್ಕಳಿಗೆ ಉಚಿತ" ಅನ್ನುವ ಜಾಹೀರಾತೂ ಹೀಗೇ, ಉಚಿತವಾಗುವುದು ಟಿಕೆಟ್ ಮಾತ್ರ. ಅಂದಹಾಗೆ ಆ ತೆರಿಗೆಯೊಳಗೆ ಅಲಾಸ್ಕಾ ರಾಜ್ಯ ಪ್ರತಿ ಪ್ರಯಾಣಿಕರಿಂದ ವಸೂಲು ಮಾಡುವ 34.50 ಡಾಲರ್ ಕೂಡ ಸೇರಿದೆ.

ಅಪ್ಪ ಇದನ್ನೆಲ್ಲ ರೂಪಾಯಿಗೆ ತಿರುಗಿಸಿ, "ನಾಲ್ಕೂವರೆ ಲಕ್ಷ! ಅಷ್ಟು ದುಡ್ಡು ಕೊಟ್ಟು ನೀರು ನೋಡೋಕೆ ಹೋಗ್ಬೇಕೇನೋ?" ಅಂದರು. "ಊಟ, ತಿಂಡಿ, ರೂಮು ಎಲ್ಲಾ ಅದರಲ್ಲೇ ಬಂತಲ್ಲಪ್ಪ" ಅಂದೆ. ಅವರು ಸಮಾಧಾನ ಆದ ಹಾಗೆ ಕಾಣಲಿಲ್ಲ.

ಕ್ಯಾಲಿಫೋರ್ನಿಯಾದ ಒಂದು ಕಾನೂನಿನಿಂದಾಗಿ 2024ರ ಜುಲೈ 1ರಿಂದ ದೊಡ್ಡ ಕಂಪನಿಗಳು ಅಮೆರಿಕದಲ್ಲಿ ತೆರಿಗೆ ಸೇರಿಸಿಯೇ ದರ ತೋರಿಸುತ್ತಿವೆ. ಒಳ್ಳೇದಾಯಿತು. ಟಿಪ್ಸ್ ಮಾತ್ರ ಈಗಲೂ ಹೊರಗೆ. ಅದಕ್ಕೇ ನಾನು ತಲೆಯ ಲೆಕ್ಕ ನೋಡುವುದಿಲ್ಲ. ರೂಮಿಗೆ ಎಲ್ಲಾ ಸೇರಿ ಎಷ್ಟು ಅನ್ನುವುದನ್ನು ಮಾತ್ರ ಬರೆದಿಟ್ಟುಕೊಳ್ಳುತ್ತೇನೆ. "ಎರಡನೆಯವರಿಗೆ ಅರ್ಧ ದರ", "ಇವತ್ತೇ ಕೊನೆ ದಿನ" ಅನ್ನುವುದೆಲ್ಲ ಕಣ್ಣಿಗೆ ಮಣ್ಣು. ಮೂಲ ದರವನ್ನೇ ಏರಿಸಿ ಅದರ ಮೇಲೆ ರಿಯಾಯಿತಿ ತೋರಿಸಿದರೆ ಯಾರಿಗೆ ಗೊತ್ತಾಗಬೇಕು? ಒಂದು ಆಫರ್ ಮುಗಿದ ಮಾರನೇ ದಿನ ಇನ್ನೊಂದು ಹೆಸರಲ್ಲಿ ಅದೇ ಬರುತ್ತದೆ.

ದರ ನೋಡುವುದಕ್ಕೆ ನಾನು ಇಟ್ಟುಕೊಂಡಿದ್ದು ಒಂದು ಸಾದಾ ಸ್ಪ್ರೆಡ್‌ಶೀಟ್. ತಾರೀಕು, ಬಾಲ್ಕನಿ ಒಟ್ಟು, ಇನ್‌ಸೈಡ್ ಒಟ್ಟು, ಜೊತೆಗೆ ಏನೇನು ಕೊಡುತ್ತಿದ್ದಾರೆ. ಭಾನುವಾರ ಕಾಫಿ ಕುಡಿಯುತ್ತಾ ಐದು ನಿಮಿಷದ ಕೆಲಸ. ಬುಕ್ ಮಾಡಿದಾಗ ಬಾಲ್ಕನಿ ತೆರಿಗೆ ಬಿಟ್ಟು ತಲೆಗೆ 1,060 ಇತ್ತು. ಡಿಸೆಂಬರ್‌ವರೆಗೂ ಅಲುಗಾಡಲಿಲ್ಲ. ಜನವರಿಯಿಂದ ಮಾರ್ಚ್‌ವರೆಗಿನ ಕಾಲವನ್ನು ಕ್ರೂಸ್ ವ್ಯಾಪಾರದವರು ವೇವ್ ಸೀಸನ್ ಅನ್ನುತ್ತಾರೆ. ಚಳಿಗೆ ಮನೆಯಲ್ಲಿ ಕೂತ ಅಮೆರಿಕನ್ನರು ರಜೆಯ ಯೋಚನೆ ಮಾಡುವ ಕಾಲ, ಕಂಪನಿಗಳು ಪೈಪೋಟಿಗೆ ಬೀಳುವ ಕಾಲ. ಜನವರಿ ಕೊನೆಯ ಹೊತ್ತಿಗೆ 950 ಕಂಡಿತು.

ಆ ದರ ತಾನಾಗಿ ನಮಗೆ ಬರುವುದಿಲ್ಲ. ಕೇಳಬೇಕು. ನಾನು ಬುಕ್ ಮಾಡಿದ್ದು ಟ್ರಾವೆಲ್ ಏಜೆಂಟ್ ಮೂಲಕ. ಏಜೆಂಟ್‌ಗೆ ಕಮಿಷನ್ ಕೊಡುವುದು ಕ್ರೂಸ್ ಕಂಪನಿ, ನಮಗೆ ಅದರಿಂದ ಹೆಚ್ಚಿನ ಖರ್ಚಿಲ್ಲ. ಎಷ್ಟೋ ಸಲ ಏಜೆಂಟರು ತಮ್ಮ ಕಮಿಷನ್‌ನಲ್ಲೇ ಒಂದಿಷ್ಟನ್ನು ಆನ್‌ಬೋರ್ಡ್ ಕ್ರೆಡಿಟ್ ಅಂತ ಬಿಟ್ಟುಕೊಡುತ್ತಾರೆ, ಅದನ್ನು ಹಡಗಿನಲ್ಲಿ ಖರ್ಚು ಮಾಡಬಹುದು. ತೊಂದರೆ ಏನೆಂದರೆ, ಏಜೆಂಟ್ ಮೂಲಕ ಹೋದರೆ ದರ ಬದಲಾವಣೆಗೂ ಅವರನ್ನೇ ಹಿಡಿಯಬೇಕು. ಕಂಪನಿಗೆ ಫೋನ್ ಮಾಡಿದರೆ ನಿಮ್ಮ ಏಜೆಂಟ್‌ನ ಕೇಳಿ ಅನ್ನುತ್ತಾರೆ. ಹಾಗಾಗಿ ಫೋನ್ ಎತ್ತುವ ಏಜೆಂಟ್ ಸಿಕ್ಕರೆ ಅರ್ಧ ಗೆದ್ದ ಹಾಗೆ.

ಫೋನ್ ಮಾಡಿ ನಾನು ಕೇಳಿದ್ದು ಇಷ್ಟು. ಅದೇ ಹಡಗು, ಅದೇ ದರ್ಜೆ, ಇವತ್ತು ತೆರಿಗೆ ಬಿಟ್ಟು 950 ಆಗುತ್ತಿದೆ, ನಮ್ಮ ರೂಮ್ ನಂಬರ್ ಹಾಗೇ ಇಟ್ಟು ಆ ದರಕ್ಕೆ ಬದಲಿಸಬಹುದಾ? ಅವರು ನೋಡಿ, ಆಗುತ್ತದೆ, ಆದರೆ ಹಳೆಯ ಬುಕಿಂಗ್ ಜೊತೆ ಬಂದಿದ್ದ 50 ಡಾಲರ್ ಕ್ರೆಡಿಟ್ ಹೋಗುತ್ತದೆ ಅಂದರು. ಇಬ್ಬರಿಗೆ 220 ಇಳಿಯುತ್ತದೆ, 50 ಹೋಗುತ್ತದೆ, 170 ಉಳಿಯುತ್ತದೆ. ಮಾಡಿ ಅಂದೆ. ಹತ್ತು ನಿಮಿಷದಲ್ಲಿ ಹೊಸ ಬಿಲ್ ಇಮೇಲ್‌ಗೆ ಬಂತು. ಹೋಗುವುದೇನು, ಬರುವುದೇನು ಅಂತ ಕೇಳದೆ ಹೂಂ ಅನ್ನಬಾರದು. ಕೆಲವು ಸಲ ದರ ಇಳಿದಿರುತ್ತದೆ, ಜೊತೆಗಿದ್ದ ವೈಫೈ ಹೋಗಿರುತ್ತದೆ.

ಇನ್‌ಸೈಡ್ ರೂಮ್ ಮಾತ್ರ ಒಂದು ದಿನವೂ ಇಳಿಯಲಿಲ್ಲ, ಏರುತ್ತಲೇ ಹೋಯಿತು. ಮಾರ್ಚ್‌ಗೆ ಬಾಲ್ಕನಿ ಕೂಡ 1,300ಕ್ಕೆ ಹೋಗಿತ್ತು. ಅದು ನಮಗೆ ಸಂಬಂಧ ಇಲ್ಲದ ವಿಷಯ.

ಈ ಆಟ ನಡೆಯುವುದು ಫೈನಲ್ ಪೇಮೆಂಟ್ ದಿನದವರೆಗೆ ಮಾತ್ರ. ಒಂದು ವಾರದ ಕ್ರೂಸ್‌ಗೆ ಅದು ಸಾಮಾನ್ಯವಾಗಿ ಹೊರಡುವುದಕ್ಕೆ 90 ದಿನ ಮೊದಲು, ಕೆಲವು ಕಂಪನಿಗಳಲ್ಲಿ 120. ಆಮೇಲೆ ಕ್ಯಾನ್ಸಲ್ ಮಾಡಿದರೆ ಹಂತಹಂತವಾಗಿ ದುಡ್ಡು ಕತ್ತರಿಸುತ್ತಾ, ಕೊನೆಗೆ ಟಿಕೆಟ್ ದುಡ್ಡಿನಲ್ಲಿ ಒಂದು ಪೈಸೆಯೂ ವಾಪಸ್ ಬರುವುದಿಲ್ಲ. ನನ್ನ ಕ್ಯಾಲೆಂಡರ್‌ನಲ್ಲಿ ಹೊರಡುವ ದಿನಕ್ಕಿಂತ ದಪ್ಪ ಗುರುತು ಇದ್ದಿದ್ದು ಆ ದಿನಕ್ಕೆ. ಅದರ ಹಿಂದಿನ ವಾರ ದಿನಾ ದರ ನೋಡುತ್ತಿದ್ದೆ. ಬೇರೆಯವರು ಕ್ಯಾನ್ಸಲ್ ಮಾಡಿದ ರೂಮ್‌ಗಳು ಮಾರಾಟಕ್ಕೆ ವಾಪಸ್ ಬರುವುದು ಆ ಹೊತ್ತಿಗೇ. ಇನ್ನೊಂದು ವಿಷಯ. ಬುಕ್ ಮಾಡುವಾಗ ವಾಪಸ್ ಸಿಗದ ಡೆಪಾಸಿಟ್ ಅಂತ ಸ್ವಲ್ಪ ಕಡಿಮೆ ದರವನ್ನೂ ತೋರಿಸುತ್ತಾರೆ. ಅದನ್ನು ತೆಗೆದುಕೊಂಡರೆ ಕೈ ಕಟ್ಟಿಹಾಕಿಕೊಂಡ ಹಾಗೆ. ಅಪ್ಪ ಅಮ್ಮನ ವೀಸಾ, ಆರೋಗ್ಯ ಎರಡೂ ನಮ್ಮ ಕೈಯಲ್ಲಿಲ್ಲದಾಗ ಅದು ಬೇಡವೇ ಬೇಡ.

ವೀಸಾ ಅಂದೆನಲ್ಲ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಹಡಗಾದರೂ ಭಾರತದ ಪಾಸ್‌ಪೋರ್ಟ್‌ನವರಿಗೆ ಕೆನಡಾ ವೀಸಾ ಬೇಕು. 1886ರಷ್ಟು ಹಳೆಯ ಒಂದು ಅಮೆರಿಕನ್ ಕಾನೂನಿನ ಪ್ರಕಾರ, ಬೇರೆ ದೇಶದ ಬಾವುಟದ ಹಡಗು ಇಂಥ ಪ್ರಯಾಣದ ನಡುವೆ ಒಂದು ವಿದೇಶಿ ಬಂದರಿಗೆ ಹೋಗಿಬರಲೇಬೇಕು. ಅದಕ್ಕೇ ಹೆಚ್ಚಿನ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆಗಳ ಕಾಲ ನಿಲ್ಲುವುದು. ನಾವು ಇಳಿಯುವುದೇ ಇಲ್ಲ ಅಂದರೂ ವೀಸಾ ಇಲ್ಲದಿದ್ದರೆ ಸಿಯಾಟಲ್‌ನಲ್ಲೇ ಹತ್ತಿಸಿಕೊಳ್ಳುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಈ ಕೆನಡಾ ವೀಸಾ ಬೇಡ, ಅಮೆರಿಕದ ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ಬೇಕು. ಅಪ್ಪ ಅಮ್ಮ ಊರಿನಿಂದ ಹೊರಡುವ ಮೊದಲೇ ಅರ್ಜಿ ಹಾಕಿ, ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದರು. ವಾರಗಟ್ಟಲೆ ಹಿಡಿಯುವ ಕೆಲಸ. ಎರಡು ವಾರ ಇರುವಾಗ ಕಾಣುವ ಅಗ್ಗದ ದರ ನಮ್ಮಂಥವರ ಮನೆಗೆ ಯಾಕೆ ಉಪಯೋಗಕ್ಕೆ ಬರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಇನ್ಶೂರೆನ್ಸ್‌ಗೂ ಬುಕ್ ಮಾಡಿದ ದಿನಕ್ಕೂ ಸಂಬಂಧ ಇದೆ. ಮೊದಲೇ ಇರುವ ಬಿಪಿ, ಶುಗರ್‌ನಂಥ ತೊಂದರೆಗಳಿಗೂ ರಕ್ಷಣೆ ಬೇಕೆಂದರೆ, ಎಷ್ಟೋ ಪಾಲಿಸಿಗಳಲ್ಲಿ ಡೆಪಾಸಿಟ್ ಕಟ್ಟಿದ ಎರಡು ಮೂರು ವಾರದೊಳಗೆ ಕೊಂಡಿರಬೇಕು. ಪಾಲಿಸಿಯ ಸಣ್ಣಕ್ಷರ ಓದಿ, ವಯಸ್ಸಾದವರಿಗೆ ಎಷ್ಟು ಕೊಡುತ್ತಾರೆ ಅಂತ ನೋಡಿಯೇ ತೆಗೆದುಕೊಳ್ಳಿ.

ಬೆಂಗಳೂರಿನ ಏಜೆಂಟ್ ಮೂಲಕ ಬುಕ್ ಮಾಡುವವರು ಒಂದು ಮಾತು ಕೇಳಿಕೊಳ್ಳಿ. ದರ ಇಳಿದರೆ ಬದಲಿಸಿಕೊಡುತ್ತೀರಾ, ಯಾವ ದಿನದವರೆಗೆ? ಯಾವ ದೇಶದಲ್ಲಿ ಬುಕ್ ಮಾಡಿದಿರೋ ಆ ದೇಶದ ನಿಯಮ ಅನ್ವಯಿಸುತ್ತದೆ. ನಾನು ಹೇಳಿದ್ದು ಅಮೆರಿಕದ ಲೆಕ್ಕ.

ಪೂರ್ತಿ ದುಡ್ಡು ಕಟ್ಟಿದ ಮೇಲೆ "ನಿಮ್ಮ ರೂಮ್ ಅಪ್‌ಗ್ರೇಡ್‌ಗೆ ಬಿಡ್ ಮಾಡಿ" ಅಂತ ಇಮೇಲ್ ಬಂತು. ಎಷ್ಟು ಜಾಸ್ತಿ ಕೊಡುತ್ತೀರಿ ಅಂತ ನೀವೇ ಹೇಳಬೇಕು, ಒಪ್ಪಿದರೆ ದೊಡ್ಡ ರೂಮ್. ಅಲ್ಲಿ ತೋರಿಸುವ ಮೊತ್ತ ತಲೆಗೆ, ರೂಮಿಗಲ್ಲ. 100 ಅಂತ ಹಾಕಿದರೆ ಕಾರ್ಡಿನಿಂದ ಹೋಗುವುದು 200. ಬಿಡ್ ಗೆದ್ದರೆ ಹೊಸ ರೂಮ್ ಎಲ್ಲಿ ಅಂತ ಆರಿಸುವ ಹಾಗೂ ಇಲ್ಲ. ಲಿಫ್ಟ್ ಪಕ್ಕದ ರೂಮ್ ಬಿಟ್ಟು ಯಾವುದೋ ಡೆಕ್‌ನಲ್ಲಿ ಅಪ್ಪ ಅಮ್ಮ ಇರುವುದು ನಮಗೆ ಬೇಕಿರಲಿಲ್ಲ. ಬಿಡ್ ಹಾಕಲಿಲ್ಲ.