ವಿಮರ್ಶೆಯ ಮೇಜಿನಿಂದ ತೀರ್ಪಿನ ಮೇಜಿಗೆ: ಮಕ್ಕಳ ಚಿತ್ರಪುಸ್ತಕಗಳ ಮೂರು ತಿಂಗಳು

ಮಕ್ಕಳ ಪುಸ್ತಕಗಳ ಬಗ್ಗೆ ಕೆಲವು ವರ್ಷ ವಿಮರ್ಶೆ ಬರೆದುಕೊಂಡಿದ್ದ ನನಗೆ, ತೀರ್ಪುಗಾರಿಕೆಯೂ ಅದೇ ಕೆಲಸದ ಮುಂದುವರಿಕೆ ಎಂಬ ಭ್ರಮೆ ಇತ್ತು. ಮಕ್ಕಳ ಪುಸ್ತಕಗಳ ಬಗ್ಗೆ ಬರೆಯುವ ಬ್ಲಾಗಿಗರು ಕೊಡುವ ಸಿಬಿಲ್ಸ್ ಪ್ರಶಸ್ತಿಯ ಚಿತ್ರಪುಸ್ತಕ ವಿಭಾಗದ ಮೊದಲ ಸುತ್ತಿನಲ್ಲಿ ಕುಳಿತ ಎರಡೇ ವಾರದಲ್ಲಿ ಅದು ಕಳಚಿತು. ವಿಮರ್ಶೆ ಬರೆಯುವವರು ರುಚಿಸದ ಪುಸ್ತಕವನ್ನು ಸದ್ದಿಲ್ಲದೆ ಬದಿಗಿಡಬಹುದು, ಯಾರೂ ಕಾರಣ ಕೇಳುವುದಿಲ್ಲ. ತೀರ್ಪು ಕೊಡುವವರು ಅದೇ ಪುಸ್ತಕವನ್ನು ಮತ್ತೆ ಮತ್ತೆ ಓದಿ, ಅದೇಕೆ ಬೇಡ ಎಂಬುದನ್ನು, ಅದನ್ನು ಮೆಚ್ಚಿಕೊಂಡ ಇನ್ನೊಬ್ಬರ ಎದುರು ಹೇಳಬೇಕಾಗುತ್ತದೆ.

ಈ ಪ್ರಶಸ್ತಿ ಅಮೆರಿಕದಲ್ಲಿ 2006ರಲ್ಲಿ ಆರಂಭವಾಯಿತು. ಅದಕ್ಕೂ ಬಹಳ ಹಿಂದಿನಿಂದ, 1922ರಿಂದ ನ್ಯೂಬೆರಿ ಮತ್ತು 1938ರಿಂದ ಕ್ಯಾಲ್ಡೆಕಾಟ್ ಪದಕಗಳನ್ನು ಅಲ್ಲಿನ ಗ್ರಂಥಪಾಲಕರ ಸಂಘ ಕೊಡುತ್ತಾ ಬಂದಿದೆ. ನ್ಯೂಬೆರಿ ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ಪದಕ, ಅದು ಪುಸ್ತಕದ ಜನಪ್ರಿಯತೆಗಾಗಿ ಅಲ್ಲವೆಂದು ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಕ್ಯಾಲ್ಡೆಕಾಟ್ ಚಿತ್ರಪುಸ್ತಕದ ಚಿತ್ರಕಾರರಿಗೆ ಸಲ್ಲುವ ಗೌರವ. ಸಿಬಿಲ್ಸ್ ಬೇಡುವುದು ಎರಡನ್ನು ಒಟ್ಟಿಗೆ: ಸಾಹಿತ್ಯಕ ಗುಣವೂ ಇರಬೇಕು, ಮಗು ತಾನಾಗಿ ಕೈಗೆತ್ತಿಕೊಳ್ಳುವಂತೆಯೂ ಇರಬೇಕು. ಕಾಗದದ ಮೇಲೆ ಇದು ಒಂದೇ ಸಾಲು, ಆದರೆ ನಮ್ಮ ಜಗಳಗಳೆಲ್ಲ ಹುಟ್ಟಿದ್ದು ಆ ಸಾಲಿನಿಂದಲೇ.

ಅಕ್ಟೋಬರ್ ಮೊದಲ ಹದಿನೈದು ದಿನ ಯಾರು ಬೇಕಾದರೂ ಒಂದು ವಿಭಾಗಕ್ಕೆ ಒಂದು ಪುಸ್ತಕವನ್ನು ಸೂಚಿಸಬಹುದಿತ್ತು. ಮೊದಲ ಸುತ್ತಿನವರು ಡಿಸೆಂಬರ್ ಮುಗಿಯುವುದರೊಳಗೆ ಅವನ್ನು ಓದಿ ಕಿರುಪಟ್ಟಿ ಮಾಡಬೇಕು, ಅದು ಜನವರಿ 1ರಂದು ಹೊರಬೀಳಬೇಕು. ಬಳಿಕ ಬೇರೆಯದೇ ಒಂದು ತಂಡ ಅದರಿಂದ ಒಂದನ್ನು ಆರಿಸಿ, ಫೆಬ್ರವರಿ 14ರಂದು ಹೆಸರಿಸುತ್ತದೆ. ಸಂಭಾವನೆ ಇಲ್ಲ. ಪ್ರಕಾಶಕರು ಕಳಿಸಿದ ಪ್ರತಿಗಳು ಕೆಲವು, ಉಳಿದವಕ್ಕೆ ಸಾರ್ವಜನಿಕ ಗ್ರಂಥಾಲಯವೇ ಗತಿ. ನಮ್ಮ ಪಾಲಿಗೆ ಬಂದವು ನೂರಕ್ಕೂ ಹೆಚ್ಚು ಪುಸ್ತಕಗಳು. ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟದ್ದಲ್ಲವೇ, ಹತ್ತು ನಿಮಿಷಕ್ಕೊಂದರಂತೆ ಮುಗಿಸಿಬಿಡಬಹುದು ಎಂದು ನಾನೂ ಲೆಕ್ಕ ಹಾಕಿದ್ದೆ.

ಹಾಗೆ ಓದಿದ ಮೊದಲ ಇಪ್ಪತ್ತು ಪುಸ್ತಕಗಳ ಟಿಪ್ಪಣಿಗಳನ್ನು ಕೊನೆಗೆ ಹರಿದುಹಾಕಿದೆ. 'ಸೊಗಸಾಗಿದೆ', 'ಪರವಾಗಿಲ್ಲ', 'ಚಿತ್ರಗಳು ಮುದ್ದಾಗಿವೆ' ಎಂಬಂಥ ಮಾತುಗಳೇ ತುಂಬಿದ್ದವು. ತಿಂಗಳ ನಂತರ ನೋಡಿದರೆ ಯಾವ ಟಿಪ್ಪಣಿ ಯಾವ ಪುಸ್ತಕದ್ದು ಎಂದು ನನಗೇ ತಿಳಿಯುತ್ತಿರಲಿಲ್ಲ. ಆಮೇಲೆ ಪ್ರತಿ ಪುಸ್ತಕಕ್ಕೂ ಮೂರು ಓದುಗಳನ್ನು ಗೊತ್ತುಮಾಡಿಕೊಂಡೆ. ಮೊದಲು ಪದಗಳನ್ನು ಕೈಯಿಂದ ಮುಚ್ಚಿ ಚಿತ್ರಗಳನ್ನಷ್ಟೇ ನೋಡುವುದು. ಚಿತ್ರವೇ ಇಡೀ ಕಥೆ ಹೇಳಿಬಿಟ್ಟರೆ ಪದಗಳಿಗೇನು ಕೆಲಸ? ಪದಗಳು ಹೇಳಿದ್ದನ್ನೇ ಚಿತ್ರ ಮತ್ತೆ ಹೇಳುತ್ತಿದ್ದರೆ ಚಿತ್ರಕ್ಕೇನು ಕೆಲಸ? ಒಳ್ಳೆಯ ಚಿತ್ರಪುಸ್ತಕದಲ್ಲಿ ಇವೆರಡರ ನಡುವೆ ಒಂದು ಸಂದು ಇರುತ್ತದೆ. 'ನಾನೇನೂ ಮಾಡಲಿಲ್ಲ' ಎಂದು ಪದ ಹೇಳುವಾಗ ಚಿತ್ರದಲ್ಲಿ ಒಡೆದ ಹೂದಾನಿ ಕಾಣುತ್ತದೆ, ಮಗು ನಗುವುದು ಆ ಸಂದಿನಲ್ಲಿ.

ಎರಡನೆಯದು ಗಟ್ಟಿಯಾದ ಓದು. ಪ್ರಾಸದ ಪುಸ್ತಕಗಳ ಪೈಕಿ ಬಹುಪಾಲು ಇಲ್ಲಿಯೇ ಎಡವಿದವು. ಸಾಲಿನ ಕೊನೆಯಲ್ಲಿ ಪ್ರಾಸ ಕೂಡಿಬಂದರೂ ನಡುವೆ ಲಯ ಮುರಿಯುತ್ತದೆ. ಬರೆದವರಿಗೆ ತಮ್ಮ ಕಿವಿಯಲ್ಲಿ ಸರಿಯಾಗಿ ಕೇಳಿಸಿರಬಹುದು, ಮೊದಲ ಬಾರಿ ಓದುವ ತಾಯಿಯ ನಾಲಿಗೆ ಮಾತ್ರ ತೊಡರುತ್ತದೆ. ಪುಟ ತಿರುವಿನ ಮಹತ್ವ ಗೊತ್ತಾದದ್ದೂ ಗಟ್ಟಿಯಾಗಿ ಓದುವಾಗಲೇ. ಅಚ್ಚರಿಯ ಸಾಲು ಬಲಪುಟದಲ್ಲಿ, ಪ್ರಶ್ನೆಯ ಎದುರಿಗೇ ಕುಳಿತಿದ್ದರೆ ಮಗುವಿನ ಕಣ್ಣು ಅದನ್ನು ಆಗಲೇ ಕಂಡಿರುತ್ತದೆ. ಹಾಳೆ ತಿರುವಿದ ಮೇಲೆ ಸಿಕ್ಕರೆ ಮಾತ್ರ ಅದು ಅಚ್ಚರಿ. ಹೊಲಿಗೆಯ ಮಡಿಕೆಯಲ್ಲಿ ಪಾತ್ರದ ಮುಖ ಅರ್ಧ ನುಂಗಿಹೋದ ಪುಸ್ತಕಗಳೂ ಸಿಕ್ಕವು, ಇಷ್ಟು ಖರ್ಚು ಮಾಡಿ ಅಚ್ಚು ಹಾಕಿಸುವವರು ಅದನ್ನು ಹೇಗೆ ಬಿಟ್ಟರೋ.

ಮೂರನೆಯ ಓದು ಮಗುವಿನೊಂದಿಗೆ. ಆರು ವರ್ಷದ ಮಗಳ ತೀರ್ಪನ್ನೇ ನನ್ನ ತೀರ್ಪಾಗಿಸುವ ಆಸೆ ಬೇಗ ಬಿಟ್ಟೆ, ಏಕೆಂದರೆ ಒಂದು ಮಗು ಎಲ್ಲ ಮಕ್ಕಳ ಪ್ರತಿನಿಧಿಯಲ್ಲ. ನಾಯಿ ಇರುವ ಪುಸ್ತಕವೆಲ್ಲ ಅವಳಿಗೆ ಶ್ರೇಷ್ಠ. ನಾನು ಗಮನಿಸಿದ್ದು ಅವಳ ಮೈಯನ್ನು. ಎಲ್ಲಿ ಮುಂದಕ್ಕೆ ಬಾಗಿದಳು, ಎಲ್ಲಿ ಬೇರೆ ಕಡೆ ನೋಡಿದಳು, ಮರುದಿನ ಯಾವುದನ್ನು ಕೇಳದೆಯೇ ಎತ್ತಿಕೊಂಡು ಬಂದಳು. ಅಜ್ಜ ತೀರಿಹೋಗುವ ಒಂದು ಪುಸ್ತಕವನ್ನು ನಾನು ಗಂಟಲು ಕಟ್ಟಿ ಓದುತ್ತಿದ್ದಾಗ ಅವಳು ಮೆಲ್ಲನೆ ಎದ್ದುಹೋದಳು. ಮಗುವಿಗಿಂತ ದೊಡ್ಡವರ ನೆನಪಿಗಾಗಿ ಬರೆದ ಪುಸ್ತಕಗಳು ಈ ಕ್ಷೇತ್ರದಲ್ಲಿ ಎಷ್ಟೊಂದು ಇವೆಯೆಂಬುದು ಆ ಸಂಜೆ ಕಣ್ಣಿಗೆ ಬಿತ್ತು. ಆದರೂ ಆ ಅಜ್ಜನ ಪುಸ್ತಕವನ್ನು ಕೈಬಿಡಲು ನನ್ನಿಂದಾಗಲಿಲ್ಲ.

ಈ ಅವಧಿಯಲ್ಲಿ ಪುಸ್ತಕಗಳ ಬಗ್ಗೆ ವಿಮರ್ಶೆ ಬರೆಯಲು ನಮಗೆ ಅಡ್ಡಿಯಿರಲಿಲ್ಲ, ಯಾವುದು ಪಟ್ಟಿಯತ್ತ ಸಾಗುತ್ತಿದೆ ಎಂಬ ಸುಳಿವನ್ನು ಮಾತ್ರ ಕೊಡುವಂತಿಲ್ಲ. ನಾನು ಹೊಗಳಿಕೆಯ ಮಟ್ಟವನ್ನು ಎಷ್ಟು ತಗ್ಗಿಸಿದೆನೆಂದರೆ ಆ ಮೂರು ತಿಂಗಳ ವಿಮರ್ಶೆಗಳೆಲ್ಲ ಉಪ್ಪಿಲ್ಲದ ಸಾರಿನಂತಾದವು. ಕೊನೆಗೆ ಬರೆಯುವುದನ್ನೇ ನಿಲ್ಲಿಸಿದೆ.

ಡಿಸೆಂಬರ್ ಕೊನೆಯ ಚರ್ಚೆಗೆ ನಾವು ತಲಾ ಏಳು ಹೆಸರು ತಂದಿದ್ದೆವು. ನನ್ನ ಪಟ್ಟಿಯ ಮೇಲ್ತುದಿಯಲ್ಲಿ ಅಜ್ಜನ ಪುಸ್ತಕ. ಮತ್ತೊಬ್ಬರ ಪಟ್ಟಿಯಲ್ಲಿ, ನಾನು ಹುಡುಗಾಟಿಕೆಯೆಂದು ತಳ್ಳಿಹಾಕಿದ್ದ, ಚಡ್ಡಿ ಕಳೆದುಕೊಂಡ ಕರಡಿಯ ಪುಸ್ತಕ. ಇಂಥ ತಮಾಷೆ ಅಗ್ಗದ್ದು ಎಂದೆ. ಅವರು ವಾದಕ್ಕಿಳಿಯದೆ ಪುಸ್ತಕವನ್ನು ಪುಟ ಪುಟವಾಗಿ ತೆರೆಯಲು ಹೇಳಿದರು. ಪದಗಳಲ್ಲಿ ಎಲ್ಲಿಯೂ ಹೇಳದಿದ್ದರೂ ಮೊದಲ ಪುಟದಿಂದಲೇ ಚಡ್ಡಿ ಚಿತ್ರದ ಹಿನ್ನೆಲೆಯಲ್ಲಿ ಒಂದೊಂದು ಕಡೆ ಸರಿಯುತ್ತಿತ್ತು. ಅದನ್ನು ಕದ್ದ ಮೊಲ ಮುಖಪುಟದ ಒಳಹಾಳೆಯಲ್ಲೇ ಅಡಗಿತ್ತು. ಪದ ಮುಚ್ಚಿ ನೋಡುವ ನನ್ನ ಮೊದಲ ಓದನ್ನು, ಗಂಭೀರವಲ್ಲವೆಂಬ ಕಾರಣಕ್ಕೆ ಈ ಪುಸ್ತಕಕ್ಕೆ ಮಾತ್ರ ನಾನು ಮಾಡಿರಲಿಲ್ಲ. ಅಜ್ಜನ ಪುಸ್ತಕದ ಪರವಾಗಿ ನಾನಾಡಿದ ಮಾತುಗಳಲ್ಲಿ ಮಗುವೊಂದು ಎಲ್ಲಿ ಬರುತ್ತದೆ ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಕರಡಿ ಪಟ್ಟಿಗೆ ಸೇರಿತು, ಅಜ್ಜ ಒಂದು ಮತದಿಂದ ಹೊರಗುಳಿದ. ಆಯ್ಕೆಯಾದ ಪುಸ್ತಕಗಳಿಗೆ ನಾಲ್ಕೈದು ಸಾಲಿನ ಪರಿಚಯ ಬರೆಯುವ ಕೆಲಸವನ್ನು ಹಂಚಿಕೊಂಡಾಗ ಕರಡಿಯದು ನನ್ನ ಪಾಲಿಗೆ ಬಂತು. ಆ ನಾಲ್ಕು ಸಾಲಿಗೆ ಮೂರು ದಿನ ಹಿಡಿಯಿತು. ಮೊಲದ ಗುಟ್ಟು ಬಿಟ್ಟುಕೊಡದೆ, ಒಳಹಾಳೆಯನ್ನು ಒಮ್ಮೆ ನೋಡಿಕೊಳ್ಳಿ ಎಂದಷ್ಟೇ ಹೇಳಿ ಡಿಸೆಂಬರ್ 31ರ ರಾತ್ರಿ ಕಳಿಸಿದೆ.