ಬೀಜ ಬಗೆದು ನೋಡುವ ಮಕ್ಕಳ ಜೊತೆ ತೋಟ

ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಸರ್ಕಾರಿ ಶಾಲೆ. ಮೊದಲ ವರ್ಷ ಜೂನ್‌ನಲ್ಲಿ ಟೊಮೇಟೊ, ಬದನೆ ಸಸಿ ತಂದು ನೆಡಿಸಿದೆ. ಮಕ್ಕಳ ಜೊತೆ ತೋಟ ಶುರು ಮಾಡೋಕೆ ಅದು ಸರಿಯಾದ ಬೆಳೆ ಅಲ್ಲ. ಕಾಯಿ ಕೈಗೆ ಸಿಗೋಕೆ ಎರಡು ತಿಂಗಳಿಗೂ ಜಾಸ್ತಿ ಬೇಕು. ಎಂಟು ವರ್ಷದ ಮಗು ಅಷ್ಟು ದಿನ ಕಾಯುತ್ತದಾ? ಆಗಸ್ಟ್ ಹೊತ್ತಿಗೆ ಬಿಂದಿಗೆ ಹೊರೋಕೆ ನಾನೊಬ್ಬಳೇ ಉಳಿದೆ.

ಮರುವರ್ಷ ಹರಿವೆ, ಮೂಲಂಗಿ ಹಾಕಿದೆವು. ಹರಿವೆ ಸುಮಾರು 30 ದಿನಕ್ಕೆ, ಮೂಲಂಗಿ 45 ದಿನಕ್ಕೆ ಕೀಳೋಕೆ ಬರುತ್ತವೆ. ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಹಾಗಾಗಿ ಒಂದು ಹಿಡಿ ಬೀಜಕ್ಕೆ ನಾಲ್ಕೈದು ಹಿಡಿ ಮರಳು ಬೆರೆಸಿ ಎರಚಿಸಿದೆ. ಇಲ್ಲದಿದ್ದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಇರುವೆ ಹೊತ್ತೊಯ್ಯದಿರಲಿ ಅಂತ ಮಡಿ ಸುತ್ತ ಬೂದಿ ಹಾಕಿದೆವು.

ಮೂರನೇ ದಿನ ನೋಡುತ್ತೇನೆ, ಮೂರನೇ ಕ್ಲಾಸಿನ ಹುಡುಗನೊಬ್ಬ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಬಗೆಯುತ್ತಿದ್ದಾನೆ. "ಏನೋ ಅದು?" ಅಂದೆ. "ಬದುಕಿದ್ಯಾ ಅಂತ ನೋಡ್ತಿದೀನಿ ಮಿಸ್" ಅಂದ. ಬೈಯೋಕೆ ಮನಸ್ಸು ಬರಲಿಲ್ಲ. ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ ಅಲ್ವಾ?

ಮಾರನೇ ದಿನ ಮನೆಯಿಂದ ಖಾಲಿ ಉಪ್ಪಿನಕಾಯಿ ಬಾಟಲಿ ತಂದೆ. ಒಳಗೆ ಒದ್ದೆ ಬಟ್ಟೆ ತುರುಕಿ, ಬಟ್ಟೆಗೂ ಗಾಜಿಗೂ ನಡುವೆ ಅಲಸಂದೆ ಕಾಳು ಇಟ್ಟು, ಕಿಟಕಿ ಮೇಲೆ ಇಟ್ಟೆವು. ಮೊದಲು ಬಿಳಿ ಬೇರು ಹೊರಗೆ ಬಂತು, ಕೆಳಗಿಳಿಯಿತು. ಬಾಟಲಿಯನ್ನು ಅಡ್ಡ ಮಲಗಿಸಿದರೆ ಎರಡು ದಿನದಲ್ಲಿ ಬೇರು ಮತ್ತೆ ನೆಲದ ಕಡೆಗೇ ಬಗ್ಗಿತು. ಇಡೀ ಕ್ಲಾಸು ಅದರ ಸುತ್ತ ನಿಂತಿತ್ತು. ಆಮೇಲೆ ಮಡಿ ಬಗೆಯುವುದು ತಾನಾಗೇ ನಿಂತಿತು.

ಹರಿವೆ ಕಿತ್ತ ದಿನ ಬಿಸಿಯೂಟಕ್ಕೆ ಸೊಪ್ಪಿನ ಸಾರು. ದಿನಾ ಸೊಪ್ಪನ್ನು ತಟ್ಟೆಯ ಅಂಚಿಗೆ ಸರಿಸುವ ಮಕ್ಕಳು ಅವತ್ತು "ಅಕ್ಕಾ, ಸೊಪ್ಪು ಬರೋ ಹಾಗೆ ತಳದಿಂದ ಹಾಕಿ" ಅಂತ ಅಡುಗೆ ಅಕ್ಕನಿಗೆ ಹೇಳುತ್ತಿದ್ದರು. ಆ ಮಾತು ಈಗಲೂ ಕಿವಿಯಲ್ಲಿದೆ.

ಹಣ್ಣಿನ ಗಿಡದಲ್ಲಿ ಒಂದು ಪೆಟ್ಟು ತಿಂದೆವು. ಕೈ ತೊಳೆಯುವ ನೀರು ಸುಮ್ನೆ ಹೋಗುತ್ತದಲ್ಲ ಅಂತ ಆ ಕಾಲುವೆ ಪಕ್ಕದಲ್ಲೇ ಪರಂಗಿ ನೆಟ್ಟೆವು. ನೀರು ನಿಂತು ಬುಡ ಕೊಳೆತು, ಮೊಣಕಾಲೆತ್ತರ ಬಂದಿದ್ದ ಗಿಡಗಳು ಒಂದೊಂದಾಗಿ ವಾಲಿದವು. ಆ ಜಾಗಕ್ಕೆ ಬಾಳೆ ಕಂದು ಹಾಕಿದೆವು, ಸೊಗಸಾಗಿ ಬಂದವು. ಪರಂಗಿಯನ್ನು ಮಣ್ಣು ಏರು ಹಾಕಿ ಎತ್ತರದಲ್ಲಿ ನೆಟ್ಟ ಮೇಲೆ ಉಳಿದುಕೊಂಡಿತು.

ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಲ್ಲ. ಅದಕ್ಕೇ ಮಾರ್ಚ್ ಒಳಗೆ ತರಕಾರಿಯೆಲ್ಲ ಮುಗಿಸುತ್ತೇವೆ. ನುಗ್ಗೆ, ಕರಿಬೇವು, ಪರಂಗಿ, ಬಾಳೆ ಮಾತ್ರ ಉಳಿಯುತ್ತವೆ. ಅವುಗಳ ಬುಡಕ್ಕೆ ಮಕ್ಕಳು ತರಗೆಲೆ ದಪ್ಪಗೆ ಹೊದಿಸುತ್ತಾರೆ. ಶಾಲೆ ಪಕ್ಕದ ಮನೆಯ ಇಬ್ಬರು ತಾಯಂದಿರು ಎರಡು ದಿನಕ್ಕೊಮ್ಮೆ ಬಾಳೆಗೂ ಪರಂಗಿಗೂ ನೀರು ಹಾಕುತ್ತಾರೆ.

ಎರಡು ಹರಿವೆ ಗಿಡವನ್ನು ಮಾತ್ರ ಕೀಳದೆ ಬಿಡುತ್ತೇವೆ. ತೆನೆ ಒಣಗಿದಾಗ ಮಕ್ಕಳು ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರುತ್ತಾರೆ. ಮಿರಮಿರ ಮಿಂಚುವ ಕಪ್ಪು ಬೀಜ ಉಳಿಯುತ್ತದೆ. ಹೋದ ವರ್ಷ ಅದಕ್ಕೆ ಬೂದಿ ಬೆರೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಬೀರುವಿನಲ್ಲಿ ಇಟ್ಟವನು ಆ ಮಣ್ಣು ಬಗೆದ ಹುಡುಗನೇ.